ತಿಳಿವಿಗೂ ಬೇಕು ಮುಯ್ಯಾಳು

ಮುಂಗಾರು ಹಿಡಿಯುವ ಮುನ್ನ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯಂಗಳದಲ್ಲಿ ಪ್ರತಿವರ್ಷ ಒಂದೇ ಬಗೆಯ ಕೆಲಸ ಕಾಣುತ್ತದೆ. ಒಂದು ಪಾತ್ರೆಯಲ್ಲಿ ಮೈಲುತುತ್ತ ಕರಗುತ್ತಿರುತ್ತದೆ, ಇನ್ನೊಂದರಲ್ಲಿ ಸುಣ್ಣ ಅರಳುತ್ತಿರುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಕೂಡಿಸಿದ ಮೇಲೆ ಉಜ್ಜಿ ಹೊಳಪಾದ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದೆಂದು ಅರ್ಥ. ಈ ಪರೀಕ್ಷೆಯನ್ನು ಎಲ್ಲಿ ಕಲಿತಿರೆಂದು ಕೇಳಿದರೆ ಯಾರೂ ಪುಸ್ತಕದ ಹೆಸರು ಹೇಳುವುದಿಲ್ಲ. ಅಪ್ಪ ಮಾಡುತ್ತಿದ್ದರು, ಆಚೆಮನೆಯವರು ಮಾಡುತ್ತಿದ್ದರು, ನೋಡಿ ಬಂತು ಎನ್ನುತ್ತಾರೆ.

ಈ ಬೋರ್ಡೋ ದ್ರಾವಣದ ಹುಟ್ಟಿನ ಕಥೆಯೂ ಅಂಥದೇ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಅದು ರೋಗಕ್ಕೆ ಮಾಡಿದ ಮದ್ದಲ್ಲ. ಹಣ್ಣು ಕೀಳುವ ದಾರಿಹೋಕರನ್ನು ಹೆದರಿಸಲು ಮಾಡಿದ ಉಪಾಯ. 1882ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಆ ದಾರಿಯಲ್ಲಿ ನಡೆಯುವಾಗ, ಹಾಗೆ ಬಳಿದ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಟ್ಟದಿರುವುದನ್ನು ಗಮನಿಸಿದರು. ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದಕ್ಕೆ ಇದೇ ದ್ರಾವಣವನ್ನು ಸೂಚಿಸಿದರು. ರೈತರು ತಿಳಿಯದೆ ಕಂಡುಕೊಂಡದ್ದನ್ನು ವಿಜ್ಞಾನಿ ಗುರುತಿಸಿದರು. ವಿಜ್ಞಾನಿ ಹೇಳಿದ್ದನ್ನು ಮತ್ತೆ ರೈತರು ಅಂಗಳದಿಂದ ಅಂಗಳಕ್ಕೆ ದಾಟಿಸಿದರು. ಈ ಎರಡು ದಾರಿಗಳಲ್ಲಿ ಒಂದು ಮುಚ್ಚಿದ್ದರೂ ಆ ಮದ್ದು ಮಲೆನಾಡಿನ ತೋಟಗಳಿಗೆ ಹೀಗೆ ತಲುಪುತ್ತಿರಲಿಲ್ಲ.

ಸುಸ್ಥಿರ ಕೃಷಿಯ ಮಾತು ಬಂದಾಗಲೆಲ್ಲ ರೈತರಿಂದ ರೈತರಿಗೆ ತಿಳಿವಳಿಕೆ ಹರಿಯಬೇಕೆಂಬ ಮಾತೂ ಜೊತೆಗೇ ಬರುತ್ತದೆ. ಸಭೆಗಳಲ್ಲಿ ಎಲ್ಲರೂ ಅದಕ್ಕೆ ತಲೆದೂಗುತ್ತಾರೆ. ಆದರೆ ಏನು ಹರಿಯಬೇಕು, ಯಾರಿಂದ ಯಾರಿಗೆ ಹರಿಯಬೇಕು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಮಲೆನಾಡಿನ ಕಳೆದ ಇಪ್ಪತ್ತೈದು ವರ್ಷಗಳ ಅನುಭವ ಈ ಪ್ರಶ್ನೆಗೆ ಒಂದು ಕಟುವಾದ ಉತ್ತರವನ್ನು ಕೊಟ್ಟಿದೆ. ಗೆಲುವಿನ ಸುದ್ದಿಯನ್ನಷ್ಟೇ ಸಾಗಿಸುವ ಜಾಲ ರೈತರನ್ನು ಉಳಿಸುವುದಿಲ್ಲ. ಸೋಲಿನ ಲೆಕ್ಕವನ್ನೂ ಅಷ್ಟೇ ಪ್ರಾಮಾಣಿಕವಾಗಿ ಸಾಗಿಸುವ ಜಾಲವೊಂದೇ ಗುಡ್ಡದ ಮಣ್ಣಿಗೂ ಗುಡ್ಡದ ಬದುಕಿಗೂ ಆಸರೆಯಾಗಬಲ್ಲದು.

ವೆನಿಲ್ಲಾ ಕಲಿಸಿದ ಪಾಠ

ರೈತರಿಂದ ರೈತರಿಗೆ ವಿದ್ಯೆ ಎಷ್ಟು ವೇಗವಾಗಿ ಹರಡಬಲ್ಲದೆಂಬುದಕ್ಕೆ ವೆನಿಲ್ಲಾ ಸಾಕ್ಷಿ. ಅದರ ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಆ ಕೆಲವೇ ತಾಸುಗಳಲ್ಲಿ ಸಣ್ಣ ಕಡ್ಡಿಯಿಂದ ಹೂವಿನೊಳಗಿನ ಪೊರೆಯನ್ನು ಎತ್ತಿ, ಕೈಯಾರೆ ಪರಾಗಸ್ಪರ್ಶ ಮಾಡಬೇಕು. ಈ ಸುಲಭೋಪಾಯವನ್ನು 1841ರಲ್ಲಿ ಕಂಡುಹಿಡಿದವನು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ, ಹನ್ನೆರಡು ವರ್ಷದ ಎಡ್ಮಂಡ್ ಆಲ್ಬಿಯಸ್ ಎಂಬ ಬಾಲಕ. ಅವನ ಬೆರಳಿನ ಆ ಚಳಕ ಕೈಯಿಂದ ಕೈಗೆ ಸಾಗಿ ಭೂಮಿಯ ಅರ್ಧವನ್ನು ಸುತ್ತಿ, 2000ದ ಆಸುಪಾಸಿನಲ್ಲಿ ಮಲೆನಾಡಿನ ಮನೆಮನೆಗೆ ಬಂತು. ಒಂದು ಮನೆಯ ಹೆಂಗಸರು ಕಲಿತರೆ ಮರುದಿನ ಆಚೆಮನೆಯವರು ನೋಡಲು ಬರುತ್ತಿದ್ದರು. ಯಾವ ಇಲಾಖೆಯ ತರಬೇತಿಯೂ ಆ ವೇಗದಲ್ಲಿ ಆ ವಿದ್ಯೆಯನ್ನು ಹರಡಲಾರದು.

ಆದರೆ ವಿದ್ಯೆಯ ಜೊತೆಗೆ ಹರಡಿದ ಇನ್ನೊಂದು ಸಂಗತಿಯೆಂದರೆ ಬೆಲೆ. 2003ರ ಸುಮಾರಿಗೆ ಹಸಿ ಕೋಡಿನ ದರ ಕಿಲೋಗೆ ಮೂರು ಸಾವಿರ ರೂಪಾಯಿಯನ್ನು ದಾಟಿತ್ತು. ಆ ಬೆಲೆಯ ಬೇರು ಎಲ್ಲಿತ್ತೆಂಬುದು ಮಾತ್ರ ಅಂಗಳದಿಂದ ಅಂಗಳಕ್ಕೆ ಹರಡಲಿಲ್ಲ. ಜಗತ್ತಿನ ವೆನಿಲ್ಲಾದ ಬಹುಪಾಲನ್ನು ಬೆಳೆಯುವ ಮಡಗಾಸ್ಕರಿನ ತೋಟಗಳ ಮೇಲೆ 2000ದ ಏಪ್ರಿಲಿನಲ್ಲಿ ಹುದಾ ಎಂಬ ಚಂಡಮಾರುತ ಎರಗಿತ್ತು. ಪೂರೈಕೆ ಕುಸಿದದ್ದರಿಂದ ದರ ಏರಿತ್ತು. ಅಲ್ಲಿನ ಬಳ್ಳಿಗಳು ಮತ್ತೆ ಕಾಯಿ ಬಿಡತೊಡಗಿದಾಗ, ಬೇರೆ ದೇಶಗಳ ಹೊಸ ತೋಟಗಳೂ ಫಲಕ್ಕೆ ಬಂದಾಗ, ಮಲೆನಾಡಿನ ದರ ಎರಡು ವರ್ಷದೊಳಗೆ ಹತ್ತರಲ್ಲೊಂದು ಪಾಲಿಗೂ ನಿಲ್ಲದೆ ಕುಸಿಯಿತು. ಸಾಲ ಮಾಡಿ ಬಳ್ಳಿ ಕೊಂಡವರು, ಗದ್ದೆಯಂಚಿನ ಕಾಡನ್ನು ಸವರಿ ಬಳ್ಳಿ ಹಬ್ಬಿಸಿದವರು, ಬಳ್ಳಿ ಕಾಯಲು ರಾತ್ರಿಯೆಲ್ಲ ಎದ್ದಿದ್ದವರು, ಅದೇ ಬಳ್ಳಿಗಳನ್ನು ಕಿತ್ತು ತಿಪ್ಪೆಗೆ ಹಾಕಿದರು. ಹಲವೆಡೆ ಬೇರು ಕೊಳೆಯುವ ರೋಗ ಅದಕ್ಕೂ ಮೊದಲೇ ಅವನ್ನು ಮುಗಿಸಿತ್ತು.

ರೋಗ ಮೊದಲು ಕಂಡ ತೋಟದವರು ಅದನ್ನು ಹೇಳಲಿಲ್ಲವೇಕೆ? ಅದಕ್ಕೆ ಅವರನ್ನು ದೂರಿ ಪ್ರಯೋಜನವಿಲ್ಲ. ಹಳ್ಳಿಯಲ್ಲಿ ಸೋಲನ್ನು ಹೇಳಿಕೊಳ್ಳುವುದು ಮಾನದ ಪ್ರಶ್ನೆ. ಬೆಳೆ ನೆಲಕಚ್ಚಿತೆಂದು ಗೊತ್ತಾದ ಮನೆಗೆ ಸೊಸೈಟಿಯಲ್ಲಿ ಸಾಲ ಸಿಗುವುದು ಕಷ್ಟ, ಮಗನಿಗೆ ಹೆಣ್ಣು ಸಿಗುವುದು ಇನ್ನೂ ಕಷ್ಟ. ಹೀಗಾಗಿ ಗೆಲುವು ಜಗಲಿಯ ಮೇಲೆ ಕೂತು ಮಾತಾಡುತ್ತದೆ, ಸೋಲು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಕೃಷಿಮೇಳದ ವೇದಿಕೆಯಲ್ಲಿ ಸನ್ಮಾನಗೊಳ್ಳುವವರು ಎಕರೆಗೆ ಇಷ್ಟು ಕ್ವಿಂಟಲ್ ತೆಗೆದ ಸಾಧಕರು. ಐದು ವರ್ಷ ಒಂದು ಕ್ರಮವನ್ನು ಮಾಡಿ, ಇದು ಈ ನೆಲಕ್ಕೆ ಆಗದೆಂದು ಕಂಡುಕೊಂಡವರಿಗೆ ಯಾವ ವೇದಿಕೆಯೂ ಇಲ್ಲ. ಅವರು ಕಂಡುಕೊಂಡದ್ದು ಊರಿನ ನೂರು ಮನೆಗಳನ್ನು ಸಾಲದಿಂದ ಉಳಿಸಬಹುದಿತ್ತು.

ಮೇಲಿನಿಂದ ಇಳಿಯುವ ಜಾಲ

ರೈತರ ಮೂಲಕವೇ ರೈತರಿಗೆ ತಿಳಿಸುವ ಆಲೋಚನೆ ಸರ್ಕಾರಕ್ಕೂ ಹೊಸತಲ್ಲ. 1970ರ ದಶಕದಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ತರಬೇತಿ ಮತ್ತು ಭೇಟಿ ಎಂಬ ಪದ್ಧತಿ ದೇಶದ ಅನೇಕ ರಾಜ್ಯಗಳಲ್ಲಿ ನಡೆಯಿತು. ಊರಿಗೆ ಕೆಲವರನ್ನು ಸಂಪರ್ಕ ರೈತರೆಂದು ಆರಿಸಿ, ಗ್ರಾಮಸೇವಕರು ಹದಿನೈದು ದಿನಕ್ಕೊಮ್ಮೆ ಬಂದು ಅವರಿಗೆ ಸಂದೇಶ ತಿಳಿಸಬೇಕು, ಅವರು ಉಳಿದವರಿಗೆ ದಾಟಿಸಬೇಕು ಎಂಬುದು ಅದರ ಕ್ರಮ. ಸಂಪರ್ಕ ರೈತರಾಗಿ ಆಯ್ಕೆಯಾದವರು ಹೆಚ್ಚಾಗಿ ಊರಿನ ಅನುಕೂಲಸ್ಥರು. ಸಂದೇಶ ಮೇಲಿನಿಂದ ಸಿದ್ಧವಾಗಿ ಬರುತ್ತಿತ್ತು. ಕೆಳಗಿನ ಅನುಭವ ಮೇಲೆ ಹೋಗುವ ದಾರಿ ಇರಲಿಲ್ಲ. ಹಣದ ನೆರವು ನಿಂತಾಗ ಆ ಪದ್ಧತಿಯೂ ನಿಂತಿತು.

ಆ ಖಾಲಿ ಜಾಗವನ್ನು ತುಂಬಿದವರು ಪೇಟೆಯ ಗೊಬ್ಬರ, ಔಷಧಿ ಅಂಗಡಿಯವರು. ರೋಗ ತಗುಲಿದ ಎಲೆಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಂಗಡಿಯ ಮುಂದೆ ನಿಲ್ಲುವ ರೈತರು ಯಾವ ತಾಲ್ಲೂಕು ಕೇಂದ್ರದಲ್ಲೂ ಕಾಣುತ್ತಾರೆ. ಅಂಗಡಿಯವರು ದುಷ್ಟರೆಂದಲ್ಲ. ಅನೇಕರು ಒಳ್ಳೆಯ ಸಲಹೆಯನ್ನೇ ಕೊಡುತ್ತಾರೆ. ಆದರೆ ಏನನ್ನೂ ಸಿಂಪಡಿಸಬೇಡಿ, ಬಸಿಗಾಲುವೆಯನ್ನು ಬಿಡಿಸಿ ಸಾಕು ಎಂಬ ಸಲಹೆಯಿಂದ ಯಾವ ಅಂಗಡಿಯೂ ನಡೆಯಲಾರದು. ರೈತರ ನಡುವೆ ತಿಳಿವಳಿಕೆಯ ದಾರಿ ಇಲ್ಲದ ಕಡೆ, ಮಾರಾಟದ ದಾರಿಯೇ ತಿಳಿವಳಿಕೆಯ ದಾರಿಯಾಗುತ್ತದೆ.

ಈಗ ಮತ್ತೊಂದು ಸಂದರ್ಭ ಬಂದಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ದೇಶದಲ್ಲಿ 15,000 ಸಮೂಹಗಳು, 7.5 ಲಕ್ಷ ಹೆಕ್ಟೇರ್, ಒಂದು ಕೋಟಿ ರೈತರು ಎಂಬುದು ಅದರ ಗುರಿ. 30,000 ಕೃಷಿ ಸಖಿಯರು ಮತ್ತು ಸಮುದಾಯ ಸಂಪನ್ಮೂಲ ವ್ಯಕ್ತಿಗಳು ಊರೂರಿನಲ್ಲಿ ರೈತರೊಂದಿಗೆ ಕೆಲಸ ಮಾಡಬೇಕೆಂಬ ಯೋಜನೆ ಅದರಲ್ಲಿದೆ. ನೆರೆಯ ಆಂಧ್ರಪ್ರದೇಶದಲ್ಲಿ 2016ರಿಂದ ಮಹಿಳಾ ಸ್ವಸಹಾಯ ಸಂಘಗಳ ಮೂಲಕ, ರೈತರನ್ನೇ ತರಬೇತುದಾರರನ್ನಾಗಿ ಮಾಡಿ ನಡೆಸಿದ ಕೆಲಸ ಇದಕ್ಕೆ ಒಂದು ಮಾದರಿ. ಇದನ್ನು ಸ್ವಾಗತಿಸಬೇಕು. ಜೊತೆಗೆ ಒಂದು ಎಚ್ಚರವೂ ಇರಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಂದ ನೂರು ಕಿಲೋಮೀಟರಿನೊಳಗಿರುವ ಶಿವಮೊಗ್ಗದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಎರಡೂ ಕಡೆ ಒಂದೇ ಜೀವಾಮೃತ, ಒಂದೇ ಅಳತೆ, ಒಂದೇ ವೇಳಾಪಟ್ಟಿ ಎಂದರೆ, ಅದು ಹಳೆಯ ಸಂಪರ್ಕ ರೈತ ಪದ್ಧತಿಯೇ ಹಸಿರು ಅಂಗಿ ತೊಟ್ಟು ಬಂದಂತೆ. ರಾಸಾಯನಿಕದ ಬದಲು ಗೋಮೂತ್ರ ಬಂದ ಮಾತ್ರಕ್ಕೆ ಜ್ಞಾನದ ದಾರಿ ಬದಲಾಗುವುದಿಲ್ಲ. ಕೃಷಿ ಸಖಿಯ ಕೈಯಲ್ಲಿರುವ ಪಟ್ಟಿಯಲ್ಲಿ ಗುರಿ ಮುಟ್ಟಿತೇ ಎಂಬ ಕಲಮಿನ ಜೊತೆಗೆ, ಏನು ಆಗಲಿಲ್ಲ ಎಂಬ ಕಲಮೂ ಇದ್ದರೆ ಮಾತ್ರ ಅದು ರೈತರ ಜಾಲ.

ಇನ್ನೊಂದು ಗುಡ್ಡಗಾಡಿನ ಕಥೆ

ಭೂಪಟದಲ್ಲಿ ಶಿರಸಿಯಿಂದ ಪಶ್ಚಿಮಕ್ಕೆ ನೇರವಾಗಿ ಒಂದು ಅಡ್ಡಗೆರೆ ಎಳೆದರೆ, ಅದು ಸಮುದ್ರ, ಖಂಡಗಳನ್ನೆಲ್ಲ ದಾಟಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಚಿಮಾಲ್ತೆನಾಂಗೊ ಎಂಬ ಸೀಮೆಯನ್ನು ಮುಟ್ಟುತ್ತದೆ. ಅದೂ ಗುಡ್ಡಗಾಡು. ಅಲ್ಲಿನ ಕಾಕ್ಚಿಕೆಲ್ ಮಾಯಾ ಜನ ಇಳಿಜಾರಿನಲ್ಲಿ ಜೋಳ, ಹುರುಳಿಕಾಯಿ ಬೆಳೆಯುವ ಬಡ ರೈತರು. ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ಇಳುವರಿ ಕುಗ್ಗಿದಾಗ, 1970ರ ದಶಕದ ಮೊದಲಲ್ಲಿ ಕೆಲವು ಸೇವಾಸಂಸ್ಥೆಗಳ ನೆರವಿನಿಂದ ಅವರು ಒಂದು ಕ್ರಮವನ್ನು ಕಟ್ಟಿಕೊಂಡರು. ಮೂರು ಕೋಲು, ಒಂದು ದಾರ, ಒಂದು ಕಲ್ಲು ಸೇರಿಸಿ ಮಾಡಿದ ಮಟ್ಟಗೋಲಿನಿಂದ ಇಳಿಜಾರಿನಲ್ಲಿ ಸಮಮಟ್ಟದ ಗೆರೆ ಗುರುತಿಸುವುದು, ಆ ಗೆರೆಯಲ್ಲಿ ಕಾಲುವೆ ತೋಡುವುದು, ಅಂಚಿನಲ್ಲಿ ಹುಲ್ಲು ನೆಡುವುದು, ಬೆಳೆಯ ನಡುವೆ ಹಸಿರೆಲೆ ಗೊಬ್ಬರದ ಬಳ್ಳಿ ಹಬ್ಬಿಸುವುದು. ಹೊಸತನ್ನು ಮೊದಲು ಹೊಲದ ಒಂದು ಮೂಲೆಯಲ್ಲಷ್ಟೇ ಮಾಡಿನೋಡುತ್ತಿದ್ದರು. ಫಲ ಕಂಡ ಮೇಲೆ ಬೇರೆಯವರನ್ನು ಕರೆದು ತೋರಿಸುತ್ತಿದ್ದರು. ಹೇಳುವವರೂ ಕೇಳುವವರೂ ಒಂದೇ ಭಾಷೆಯವರು, ಒಂದೇ ಬಗೆಯ ಸಾಲದವರು. ಆದ್ದರಿಂದ ಮಾತಿಗೆ ನಂಬಿಕೆ ಇತ್ತು.

ಮುಂದೆ ಆ ದೇಶದ ಅಂತರ್ಯುದ್ಧದಲ್ಲಿ ಸೈನ್ಯದ ದಮನ ಹೆಚ್ಚಿದಾಗ, ಹೀಗೆ ಕಲಿಸುತ್ತಿದ್ದ ರೈತರಲ್ಲಿ ಅನೇಕರು ಪ್ರಾಣ ಕಳೆದುಕೊಂಡರು, ಅನೇಕರು ಊರು ಬಿಟ್ಟರು. ಆದರೆ ವಿದ್ಯೆ ನಿಲ್ಲಲಿಲ್ಲ. ಅದು ಮೆಕ್ಸಿಕೋದ ರೈತರಿಗೆ ದಾಟಿತು. 1987ರಲ್ಲಿ ನಿಕರಾಗುವಾದ ರೈತಸಂಘದ ಮೂಲಕ ಆ ದೇಶದಲ್ಲಿ ಬೇರೂರಿತು. ರೈತರಿಂದ ರೈತರಿಗೆ ಎಂಬುದೇ ಆ ಚಳವಳಿಯ ಹೆಸರಾಯಿತು.

1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕದ ಬೆಟ್ಟಗಳನ್ನು ಅಪ್ಪಳಿಸಿತು. ಗುಡ್ಡಗಳು ಜಾರಿದವು, ಊರುಗಳು ಹೂತುಹೋದವು. ನೀರು ಇಳಿದ ಮೇಲೆ ಈ ಜಾಲದ ರೈತರು ಸಂಶೋಧಕರ ಜೊತೆಗೂಡಿ ಒಂದು ಅಳತೆಗೆ ಇಳಿದರು. ಗ್ವಾಟೆಮಾಲಾ, ಹೊಂಡುರಾಸ್, ನಿಕರಾಗುವಾ ದೇಶಗಳ 360 ಊರುಗಳಲ್ಲಿ, ಮಣ್ಣು ಕಾಯುವ ಕ್ರಮವಿದ್ದ ಹೊಲವನ್ನು ಅದರ ಪಕ್ಕದ ಸಾಮಾನ್ಯ ಹೊಲದ ಜೊತೆ ಹೋಲಿಸುತ್ತ, 1,800ಕ್ಕೂ ಹೆಚ್ಚು ತಾಕುಗಳನ್ನು ಅಳೆದರು. ಸರಾಸರಿಯಲ್ಲಿ ಮೊದಲ ಬಗೆಯ ಹೊಲಗಳಲ್ಲಿ ಮೇಲ್ಮಣ್ಣು ಹೆಚ್ಚು ಉಳಿದಿತ್ತು, ತೇವ ಹೆಚ್ಚಿತ್ತು, ಕೊರಕಲು ಕಡಿಮೆ ಇತ್ತು, ನಷ್ಟವೂ ಕಡಿಮೆ ಇತ್ತು. ಇಳಿಜಾರು ಹೆಚ್ಚಿದಂತೆ, ಆ ಕ್ರಮ ಪಾಲಿಸಿದ ವರ್ಷಗಳು ಹೆಚ್ಚಿದಂತೆ ಈ ವ್ಯತ್ಯಾಸವೂ ಹೆಚ್ಚುತ್ತಿತ್ತು. ಹಾಗೆಯೇ, ಬಿರುಗಾಳಿಯ ಹೊಡೆತ ಮಿತಿಮೀರಿದ ಕಡೆಗಳಲ್ಲಿ ಕೆಲವು ವಿಷಯಗಳಲ್ಲಿ ಈ ಹೊಲಗಳೂ ತಡೆದುಕೊಳ್ಳಲಿಲ್ಲ ಎಂಬುದನ್ನು ಅದೇ ಅಧ್ಯಯನ ದಾಖಲಿಸಿತು.

ಮಲೆನಾಡಿಗೆ ಮುಖ್ಯವಾದದ್ದು ಈ ಕೊನೆಯ ಮಾತು. ತಮ್ಮ ಕ್ರಮ ಎಲ್ಲಿ ಗೆದ್ದಿತು ಎಂಬುದರ ಜೊತೆಗೆ ಎಲ್ಲಿ ಸೋತಿತು ಎಂಬುದನ್ನೂ ಆ ರೈತರು ಅಳೆದು ಬರೆದಿಟ್ಟರು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2024ರ ಜುಲೈನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದವು. ಇಂಥ ಕುಸಿತಗಳಿಗೆ ಕೃಷಿಕ್ರಮವೊಂದನ್ನೇ ಹೊಣೆ ಮಾಡಲಾಗದು. ಮಳೆಯ ಪ್ರಮಾಣ, ಬೆಟ್ಟದ ರಚನೆ, ರಸ್ತೆ ಮತ್ತು ಕಟ್ಟಡಕ್ಕಾಗಿ ಕಡಿದ ಬುಡ ಎಲ್ಲವೂ ಅದರಲ್ಲಿವೆ. ಆದರೆ ಪ್ರತಿ ಮಹಾಮಳೆಯ ನಂತರ ಯಾರ ತೋಟದ ಧರೆ ನಿಂತಿತು, ಯಾರದು ಜಾರಿತು, ಎಲ್ಲಿ ನೀರಿಗೆ ದಾರಿ ಇತ್ತು, ಎಲ್ಲಿ ಜೆಸಿಬಿ ಹಳೆಯ ಅಗಳನ್ನು ಮುಚ್ಚಿತ್ತು ಎಂಬುದನ್ನು ಊರವರೇ ನಡೆದು, ಅಳೆದು ಬರೆದಿಟ್ಟ ದಾಖಲೆ ಮಲೆನಾಡಿನ ಎಷ್ಟು ಹಳ್ಳಿಗಳಲ್ಲಿದೆ? ಪರಿಹಾರದ ಅರ್ಜಿಗಾಗಿ ತೆಗೆದ ಫೋಟೋಗಳಿವೆ. ಮುಂದಿನ ಮಳೆಗಾಗಿ ಕಲಿತ ಪಾಠವಿಲ್ಲ.

ನೆಲದಲ್ಲೇ ಇರುವ ಬೇರುಗಳು

ಇಂಥ ಜಾಲವನ್ನು ಹೊರಗಿನಿಂದ ತರಬೇಕಾದ ಅಗತ್ಯವಿಲ್ಲ. ಅದರ ಬೇರುಗಳು ಕನ್ನಡ ನೆಲದಲ್ಲೇ ಇವೆ. 1988ರಲ್ಲಿ ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರು ಆರಂಭಿಸಿದ ಅಡಿಕೆ ಪತ್ರಿಕೆ, ಕೃಷಿಕರ ಕೈಗೆ ಲೇಖನಿ ಎಂಬ ನಂಬಿಕೆಯ ಮೇಲೆ ನಿಂತಿತು. ಶ್ರೀ ಪಡ್ರೆ ಮತ್ತು ಅವರ ಸಂಗಡಿಗರು ರೈತರಿಗೆ ಬರೆಯಲು ಕಲಿಸಿದರು. ಲೇಖನದ ಕೊನೆಯಲ್ಲಿ ಕೃಷಿಕರ ದೂರವಾಣಿ ಸಂಖ್ಯೆ ಇರುತ್ತಿದ್ದುದರಿಂದ, ಓದಿದವರು ನೇರವಾಗಿ ಕೇಳಬಹುದಿತ್ತು, ಬಸ್ಸು ಹತ್ತಿ ಹೋಗಿ ನೋಡಬಹುದಿತ್ತು. ಇಂಗುಗುಂಡಿ, ಮಳೆಕೊಯ್ಲು, ಹಲಸು ಮೊದಲಾದ ವಿಷಯಗಳು ಹೀಗೆ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ನಡೆದವು.

ಶಿರಸಿಯ ಸುತ್ತ 2001ರಲ್ಲಿ ಆರಂಭವಾದ ವನಸ್ತ್ರೀ ಬಳಗ, ಹಿತ್ತಿಲ ತರಕಾರಿ ಮತ್ತು ಹೂವಿನ ಬೀಜಗಳನ್ನು ಹೆಂಗಸರ ಕೈಯಲ್ಲೇ ಉಳಿಸುವ ಕೆಲಸ ಮಾಡುತ್ತ ಬಂದಿದೆ. ತೋಟದ ಲೆಕ್ಕ ಗಂಡಸರ ಹೆಸರಿನಲ್ಲಿದ್ದರೂ ಬೀಜದ ಲೆಕ್ಕ ಹೆಂಗಸರ ನೆನಪಿನಲ್ಲಿದೆ. ಯಾವ ಸೌತೆ ಮಳೆಗಾಲಕ್ಕೆ ಬರುತ್ತದೆ, ಯಾವ ಬದನೆ ನೆರಳಿಗೆ ಒಗ್ಗುತ್ತದೆ, ಯಾವ ಬೀಜಕ್ಕೆ ಬೂದಿ ಸಾಕು, ಯಾವುದಕ್ಕೆ ಒಲೆಯ ಮೇಲಿನ ಹೊಗೆ ಬೇಕು ಎಂಬುದು ತವರಿನಿಂದ ಬಂದ ಆಸ್ತಿ. ಒಂದು ಹಿಡಿ ಬೀಜದ ಜೊತೆ ಇಷ್ಟೆಲ್ಲ ತಿಳಿವಳಿಕೆಯೂ ಕೈಬದಲಾಗುತ್ತದೆ. ವರದಾ ನದಿಯ ನೆರೆಯಲ್ಲಿ ಮುಳುಗಿದರೂ ಚೇತರಿಸಿಕೊಳ್ಳುವ ನೆರೆಗೂಳಿ ಭತ್ತವನ್ನಾಗಲಿ, ಅಘನಾಶಿನಿಯ ಗಜನಿಯ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವನ್ನಾಗಲಿ ಉಳಿಸಿದ್ದು ಇಂಥ ಕೈಬದಲಾವಣೆಯೇ. ಈ ಕೈಬದಲಾವಣೆಗೆ ಕಾನೂನಿನ ಬಲವೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮು, ರೈತರು ತಮ್ಮ ಬೆಳೆಯ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡಿನ ಮುದ್ರೆಯಿಲ್ಲದೆ ಮಾರುವ ಹಕ್ಕನ್ನು ಎತ್ತಿಹಿಡಿದಿದೆ. ಬಳಸದ ಹಕ್ಕು ಮಾತ್ರ ಬಿತ್ತದ ಬೀಜದಂತೆ ಮುಗ್ಗುತ್ತದೆ.

ಎಲ್ಲಕ್ಕಿಂತ ಹಳೆಯ ಬೇರು ಮುಯ್ಯಾಳು. ಇಂದು ಒಬ್ಬರ ಗದ್ದೆಯ ನಾಟಿಗೆ ಹತ್ತು ಮನೆಯ ಜನ, ನಾಳೆ ಇನ್ನೊಬ್ಬರ ಗದ್ದೆಗೆ ಅದೇ ಹತ್ತು ಮನೆಯ ಜನ. ಹಣ ಕೈಬದಲಾಗುವುದಿಲ್ಲ, ಋಣ ಕೈಬದಲಾಗುತ್ತದೆ. ನಾಟಿಯ ಸಾಲಿನಲ್ಲಿ ಬಗ್ಗಿ ನಡೆಯುವಾಗಲೇ ಯಾರ ಸಸಿಮಡಿ ಹೇಗಿದೆ, ಯಾರ ಗದ್ದೆಗೆ ಬೆಂಕಿರೋಗ ಬಂತು ಎಂಬುದೆಲ್ಲ ತಿಳಿಯುತ್ತಿತ್ತು. ಗದ್ದೆಗಳು ತೋಟಗಳಾದಂತೆ, ನಾಟಿಯಂತ್ರ ಬಂದಂತೆ, ಯುವಕರು ಬೆಂಗಳೂರಿಗೆ ಹೋದಂತೆ ಮುಯ್ಯಾಳು ಕಡಿಮೆಯಾಯಿತು. ಅದರ ಜೊತೆಗೆ ಒಬ್ಬರ ನೆಲವನ್ನು ಇನ್ನೊಬ್ಬರು ಕಣ್ಣಾರೆ ನೋಡುವ ಅಭ್ಯಾಸವೂ ಹೋಯಿತು.

ಕರೆಯದೆ ಬಿಟ್ಟವರು

ಮುಯ್ಯಾಳನ್ನು ಹಾಡಿ ಹೊಗಳಿದರಷ್ಟೇ ಸಾಲದು. ಅದಕ್ಕೂ ಗಡಿಗಳಿದ್ದವು. ಅದು ಸಮಾನರ ನಡುವಿನ ಕೊಡುಕೊಳ್ಳುವಿಕೆ. ನೆಲವಿಲ್ಲದವರು ಅದರಲ್ಲಿ ಆಳಾಗಿದ್ದರೇ ಹೊರತು ಮುಯ್ಯಾಳಾಗಿರಲಿಲ್ಲ. ಇಂದಿನ ರೈತಕೂಟಗಳಲ್ಲೂ ಆ ಗಡಿ ಅಳಿದಿಲ್ಲ.

2022ರಿಂದೀಚೆಗೆ ಎಲೆಚುಕ್ಕಿ ರೋಗ ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ವ್ಯಾಪಕವಾಯಿತು. ಗಾಳಿ, ಮಳೆಹನಿಗಳ ಮೂಲಕ ಹರಡುವ ಶಿಲೀಂಧ್ರದ ರೋಗವದು. ಅದು ಹತ್ತಿದ ಸೋಗೆಯನ್ನು ಮೊದಲು ನೋಡುವವರು ಯಾರು? ತೋಟದ ಒಡೆಯರು ನೆಲದಿಂದ ಕತ್ತೆತ್ತಿ ನೋಡುತ್ತಾರೆ. ಮರದ ತುದಿಯಲ್ಲಿ, ಸೋಗೆಯ ಪಕ್ಕದಲ್ಲಿ ಕೂತು ನೋಡುವವರು ಕೊನೆಗಾರರು. ಒಂದು ಹಂಗಾಮಿನಲ್ಲಿ ಒಬ್ಬ ಕೊನೆಗಾರ ಏರಿಳಿಯುವ ತೋಟಗಳು ಎಷ್ಟೋ. ಯಾವ ಊರಿನ ಯಾವ ಮೂಲೆಯಲ್ಲಿ ಚುಕ್ಕಿ ಮೊದಲು ಬಂತು, ಔಷಧಿ ಹೊಡೆದ ತೋಟದಲ್ಲಿ ಎಷ್ಟು ನಿಂತಿತು, ಹೊಡೆಯದ ತೋಟದಲ್ಲಿ ಎಷ್ಟು ಏರಿತು ಎಂಬುದನ್ನು ಅವರಷ್ಟು ಹೋಲಿಸಿ ನೋಡಿದವರು ಇನ್ನಿಲ್ಲ. ಆದರೂ ರೋಗದ ಬಗ್ಗೆ ನಡೆಯುವ ವಿಚಾರಗೋಷ್ಠಿಗಳ ಕುರ್ಚಿಗಳಲ್ಲಿ ಕೊನೆಗಾರರು ಕಾಣುವುದಿಲ್ಲ. ಸೊಪ್ಪು ಹೊರುವ, ಕಳೆ ಕೀಳುವ, ಅಡಿಕೆ ಸುಲಿಯುವ ಹೆಂಗಸರೂ ಕಾಣುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದವರಿಗೆ ತಿಳಿವಳಿಕೆಯೂ ಇಲ್ಲವೆಂದು ಭಾವಿಸುವ ಜಾಲ ತನ್ನ ಅರ್ಧ ಕಣ್ಣನ್ನು ತಾನೇ ಮುಚ್ಚಿಕೊಂಡಂತೆ.

ಎಲೆಚುಕ್ಕಿ ಇನ್ನೊಂದು ಮಾತನ್ನೂ ಸ್ಪಷ್ಟಗೊಳಿಸಿತು. ಒಂದು ತೋಟದವರು ರೋಗದ ಸೋಗೆಯನ್ನು ಕತ್ತರಿಸಿ ಸುಟ್ಟು, ಪಕ್ಕದ ತೋಟದವರು ಹಾಗೆಯೇ ಬಿಟ್ಟರೆ ಮೊದಲಿನವರ ದುಡಿಮೆ ವ್ಯರ್ಥ. ಬೇಲಿ ದನವನ್ನು ತಡೆಯುತ್ತದೆ, ಬೀಜಾಣುವನ್ನು ತಡೆಯುವುದಿಲ್ಲ. ಇಂಥ ರೋಗದ ಮುಂದೆ ತಿಳಿವಳಿಕೆಯನ್ನು ಹಂಚಿಕೊಳ್ಳುವುದು ಔದಾರ್ಯವಲ್ಲ, ಸ್ವಂತ ತೋಟವನ್ನು ಉಳಿಸಿಕೊಳ್ಳುವ ದಾರಿ.

ಮೊಬೈಲು ಬಂದ ಮೇಲೆ ಇದೆಲ್ಲ ತಾನಾಗಿಯೇ ನಡೆಯುತ್ತಿದೆಯೆಂದು ಹೇಳುವವರಿದ್ದಾರೆ. ವಾಟ್ಸಾಪ್ ಗುಂಪುಗಳಿಂದ ಉಪಯೋಗವಿದೆ. ರೋಗದ ಚಿತ್ರ ಕ್ಷಣದಲ್ಲಿ ನೂರು ಜನರಿಗೆ ತಲುಪುತ್ತದೆ. ಆದರೆ ಚಿತ್ರದಲ್ಲಿ ಮಣ್ಣಿನ ವಾಸನೆ ಇಲ್ಲ. ಬಸಿಗಾಲುವೆಯ ಆಳ ಕಾಣುವುದಿಲ್ಲ, ಆ ತೋಟಕ್ಕೆ ಸೊಪ್ಪಿನ ಬೆಟ್ಟ ಎಷ್ಟಿದೆಯೆಂದು ಗೊತ್ತಾಗುವುದಿಲ್ಲ. ಉತ್ತರವಾಗಿ ಬರುವ ಹತ್ತು ಔಷಧಿಗಳ ಹೆಸರಿನಲ್ಲಿ ಯಾವುದು ಅನುಭವ, ಯಾವುದು ಮಾರಾಟ ಎಂದು ಬೇರ್ಪಡಿಸುವ ದಾರಿಯೂ ಇಲ್ಲ. ಫೋನು ಕರೆಯಲಿಕ್ಕಿರಲಿ, ನೋಡುವುದು ತೋಟಕ್ಕೆ ಹೋಗಿಯೇ ಆಗಲಿ.

ಆರಂಭಿಸಲು ಬೇಕಾದದ್ದು ಅಲ್ಪ

ಹತ್ತು, ಹದಿನೈದು ಮನೆಗಳು ಸೇರಿದರೆ ಒಂದು ಕೂಟವಾಗುತ್ತದೆ. ತಿಂಗಳಿಗೊಮ್ಮೆ ಒಂದು ನೆಲಕ್ಕೆ ಭೇಟಿ. ದೊಡ್ಡ ತೋಟಕ್ಕೂ, ಹತ್ತು ಗುಂಟೆಯ ಹಿತ್ತಿಲಿಗೂ ಸಮಾನ ಸರದಿ. ಕೊನೆಗಾರರಿಗೂ ಕೂಲಿಯ ಹೆಂಗಸರಿಗೂ ಆ ಅರ್ಧ ದಿನದ ಸಂಬಳವನ್ನು ಕೂಟವೇ ಕೊಟ್ಟು ಕರೆಯಬೇಕು. ಅವರ ತಿಳಿವಳಿಕೆಯನ್ನು ಪುಕ್ಕಟೆಯಾಗಿ ಪಡೆಯುವುದು ನ್ಯಾಯವಲ್ಲ. ಉಪ್ಪಿಟ್ಟು, ಚಹಾಕ್ಕಿಂತ ಹೆಚ್ಚಿನ ಆತಿಥ್ಯ ಬೇಡ. ಊಟದ ಭಾರ ಹೆಚ್ಚಿದಲ್ಲಿ ಬಡವರ ಮನೆಯ ಸರದಿ ಬರುವುದೇ ಇಲ್ಲ.

ಭೇಟಿಯಲ್ಲಿ ಮೂರು ಕಟ್ಟಳೆಗಳು ಸಾಕು. ಮೊದಲನೆಯದು, ನೆಲ ನೋಡುವ ಮುನ್ನ ಭಾಷಣವಿಲ್ಲ. ಎರಡನೆಯದು, ಆ ಮನೆಯವರು ಮೊದಲು ಹೇಳಬೇಕಾದದ್ದು ಕಳೆದ ವರ್ಷ ಏನು ಕೈಕೊಟ್ಟಿತೆಂಬುದನ್ನು. ಊರಿನಲ್ಲಿ ಹೆಚ್ಚು ಗೌರವವಿರುವ ಮನೆ ಮೊದಲ ತಿಂಗಳಲ್ಲಿ ತನ್ನ ನಷ್ಟವನ್ನು ಹೇಳಿದರೆ, ಉಳಿದವರಿಗೆ ಸಂಕೋಚ ಬಿಡುತ್ತದೆ. ಮೂರನೆಯದು, ಹೊಸತನ್ನು ಇಡೀ ತೋಟಕ್ಕೆ ಮಾಡದೆ ಹತ್ತು ಮರಕ್ಕೆ ಮಾಡಿ, ಪಕ್ಕದ ಹತ್ತು ಮರವನ್ನು ಹಾಗೆಯೇ ಬಿಟ್ಟು, ಎರಡನ್ನೂ ಹೋಲಿಸಿ ನೋಡುವುದು. ಬೋರ್ಡೋ ಸೀಮೆಯ ದಾರಿಯಂಚ��ನ ಬಳ್ಳಿಗಳು ಕಲಿಸಿದ್ದೂ ಇದನ್ನೇ. ಬಳಿದ ಬಳ್ಳಿಯ ಹಿಂದೆ ಬಳಿಯದ ಬಳ್ಳಿ ಇದ್ದುದರಿಂದಲೇ ಅಲ್ಲಿನ ಗುಟ್ಟು ಕಂಡಿತು.

ಇಲ್ಲಿ ವಿದ್ಯಾರ್ಥಿಗಳಿಗೆ ದೊಡ್ಡ ಕೆಲಸವಿದೆ. ಮಳೆಮಾಪಕ ಇಟ್ಟು ದಿನದ ಮಳೆಯನ್ನು ಬರೆಯುವುದು, ಭೇಟಿಯ ವಿವರವನ್ನು ದಾಖಲಿಸುವುದು, ಹತ್ತು ಮರಗಳ ಉದುರಿದ ಕಾಯಿ ಎಣಿಸುವುದು ಹೈಸ್ಕೂಲು ಮಕ್ಕಳ ಕೈಗೆಟಕುವ ವಿಜ್ಞಾನ. ಒಂದು ದಪ್ಪ ಪುಸ್ತಕದ ಎಡಪುಟದಲ್ಲಿ ಗೆದ್ದದ್ದು, ಬಲಪುಟದಲ್ಲಿ ಸೋತದ್ದು. ಐದು ವರ್ಷ ತುಂಬಿದಾಗ ಅದು ಆ ಊರಿನ ಸ್ವಂತ ಕೃಷಿಗ್ರಂಥವಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಮತ್ತು ಜನತಾ ದಾಖಲಾತಿಗಳು ಅನೇಕ ಕಡೆ ಕಡತದಲ್ಲಷ್ಟೇ ಇವೆ. ಅವುಗಳಿಗೂ ಈ ಪುಸ್ತಕ ಜೀವ ತುಂಬಬಲ್ಲದು.

ಕೂಟಗಳು ಒಂದಕ್ಕೊಂದು ಹೆಣೆದುಕೊಂಡಾಗ ಜಾಲವಾಗುತ್ತದೆ. ವರ್ಷಕ್ಕೆರಡು ಬಾರಿ ಪಕ್ಕದ ಕಣಿವೆಯ ಕೂಟದೊಂದಿಗೆ ಪುಸ್ತಕವನ್ನೂ ಬೀಜವನ್ನೂ ಬದಲಾಯಿಸಿಕೊಳ್ಳುವುದು ಸಾಧ್ಯ. ವಿಜ್ಞಾನಿಗಳನ್ನು ದೂರವಿಡಬೇಕಾಗಿಲ್ಲ. ಅವರನ್ನು ವೇದಿಕೆಯ ಬದಲು ತೋಟಕ್ಕೆ ಕರೆಯಬೇಕು, ಆ ಪುಸ್ತಕವನ್ನು ಅವರ ಮುಂದಿಡಬೇಕು. ನೂರು ತೋಟಗಳ ಐದು ವರ್ಷದ ಲೆಕ್ಕ ಎದುರಿಗಿದ್ದಾಗ, ಸಂಶೋಧನಾ ಕೇಂದ್ರಕ್ಕೆ ರೈತರು ಪ್ರಶ್ನೆಯನ್ನು ಮಾತ್ರವಲ್ಲ, ಸಾಕ್ಷ್ಯವನ್ನೂ ಕೊಟ್ಟಂತಾಗುತ್ತದೆ. ಕೃಷಿ ಸಖಿಯೂ ಬರಲಿ, ತನ್ನ ಪಟ್ಟಿಯನ್ನು ತರಲಿ. ಊರಿನ ಪುಸ್ತಕವನ್ನು ಓದಿಕೊಂಡು ಹೋಗಲಿ.

ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಧೈರ್ಯ. ತನ್ನ ತೋಟದ ಸೋಲನ್ನು ನೆರೆಯವರ ಮುಂದೆ ಬಿಚ್ಚಿಡುವ ಧೈರ್ಯ, ಅದನ್ನು ಕೇಳಿದವರು ಆಡಿಕೊಳ್ಳದೆ ಬರೆದಿಟ್ಟುಕೊಳ್ಳುವ ಸಂಯಮ. ಮುಂದಿನ ಮುಂಗಾರಿಗೆ ಮುನ್ನ ಮೈಲುತುತ್ತ ಕರಗಿಸುವ ದಿನ ಮತ್ತೆ ಬರುತ್ತದೆ. ಆ ದಿನ ಒಂದು ಊರಿನ ಹತ್ತು ಮನೆಗಳು ಒಂದೇ ಅಂಗಳದಲ್ಲಿ ಸೇರಲಿ. ಕೊನೆಗಾರರೂ ಅಲ್ಲಿರಲಿ. ಕಳೆದ ಮಳೆಗಾಲದಲ್ಲಿ ಯಾರ ತೋಟದಲ್ಲಿ ಎಷ್ಟು ಉದುರಿತು, ಯಾಕೆ ಉದುರಿತು ಎಂಬ ಮಾತಿನಿಂದ ಪುಸ್ತಕದ ಮೊದಲ ಪುಟ ಆರಂಭವಾಗಲಿ.